ಬಾದಾಮಿ ಮ್ಯೂಸಿಯಂ: ಕಾರು ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ: ಶುಕ್ರವಾರ ಬನಶಂಕರಿ ದರ್ಶನ ಮುಗಿಸಿಕೊಂಡು ಮನೆಯವರೆಲ್ಲ ಬಾದಾಮಿ ಮ್ಯೂಸಿಯಂಗೆ ಬರುತ್ತೇವೆ. ಬಾಗಿಲವರೆಗೂ ಕಾರು ಹೋಗುತ್ತದೆಯೇ? ಎಲ್ಲಿ ನಿಲ್ಲಿಸಬೇಕು?

ಉತ್ತರ: ಕಾರಿನ ಮಾತು ಬೇಗ ಮುಗಿಯುತ್ತದೆ. ಗುಹೆಗಳ ಬಳಿಯ ನಿಲುಗಡೆಯಲ್ಲಿ ಬಿಟ್ಟು ನಡೆಯಿರಿ. ಗುಹೆಗಳಿರುವುದು ಅಗಸ್ತ್ಯ ತೀರ್ಥ ಎಂಬ ಕೆರೆಯ ದಕ್ಷಿಣಕ್ಕೆ, ಮ್ಯೂಸಿಯಂ ಉತ್ತರಕ್ಕೆ, ಕೋಟೆ ಗುಡ್ಡದ ಬುಡದಲ್ಲಿ. ನಡುವೆ ಕೆರೆ ಬಳಸಿ ಹೋಗುವ ಹಾದಿ ಇದೆ. ಮೊಬೈಲ್ ನಕ್ಷೆ ನಂಬಿ ಊರ ಓಣಿಗೆ ದೊಡ್ಡ ಗಾಡಿ ನುಗ್ಗಿಸಬೇಡಿ. ಎದುರಿಗೆ ಒಂದು ಟಂಟಂ ಬಂದರೆ ಹಿಂದೆ ಸರಿಯಬೇಕಾದವರು ನೀವೇ, ಆಗ ಕಟ್ಟೆಯ ಮೇಲೆ ಕುಳಿತವರೆಲ್ಲ ನಿಮಗೆ ಡ್ರೈವಿಂಗ್ ಕಲಿಸುತ್ತಾರೆ. ನಡೆಯಲಾಗದ ಹಿರಿಯರಿದ್ದರೆ ಆಟೊ ಮಾಡಿ. ಬಾಳೆಹಣ್ಣು, ಪ್ರಸಾದದ ಚೀಲ ಕೈಯಲ್ಲಿ ತೂಗಾಡದಿರಲಿ. ಇಲ್ಲಿಯ ಮಂಗಗಳಿಗೆ ಸಂಕೋಚವಿಲ್ಲ.

ಆದರೆ ನೀವು ಬರುವುದು ಶುಕ್ರವಾರ. ಶುಕ್ರವಾರ ಮ್ಯೂಸಿಯಂಗೆ ರಜೆ!

ಹೀಗೆಂದ ಕೂಡಲೇ "ಅಲ್ಲ, ಮ್ಯೂಸಿಯಂ ಎಂದರೆ ಸೋಮವಾರ ರಜೆ" ಎಂದು ನನಗೇ ತಿಳಿಹೇಳುವವರಿದ್ದಾರೆ. ದಿಲ್ಲಿಯ ರಾಷ್ಟ್ರೀಯ ಮ್ಯೂಸಿಯಂ ಸೋಮವಾರ ಮುಚ್ಚುತ್ತದೆ, ನಿಜ. ನೀವು ಬರುತ್ತಿರುವುದು ದಿಲ್ಲಿಗಲ್ಲವಲ್ಲ. ಇನ್ನು ಕೆಲವರು ರಜೆಯನ್ನು ಒಪ್ಪಿಕೊಂಡು, ಕಾರಣವನ್ನು ತಾವೇ ಕಟ್ಟುತ್ತಾರೆ. ಶುಕ್ರವಾರ ಬನಶಂಕರಿಯಲ್ಲಿ ಜನವೋ ಜನ, ಅದಕ್ಕೇ ಸಿಬ್ಬಂದಿ ಬಾಗಿಲು ಹಾಕುತ್ತಾರೆ ಎನ್ನುವುದು ಒಂದು ವಾದ. ತಾಜ್ ಮಹಲಿನಂತೆ ಇಲ್ಲಿಯೂ ನಮಾಜಿಗಾಗಿ ರಜೆ ಎನ್ನುವುದು ಇನ್ನೊಂದು. ಎರಡೂ ಸುಳ್ಳು. ಐಹೊಳೆ, ವಿಜಯಪುರದ ಗೋಳಗುಮ್ಮಟ, ಹಂಪಿ ಪಕ್ಕದ ಕಮಲಾಪುರ, ಹಳೇಬೀಡು: ಈ ಎಲ್ಲ ಕಡೆಯ ಮ್ಯೂಸಿಯಂಗಳಿಗೂ ಶುಕ್ರವಾರವೇ ರಜೆ. ಹಳೇಬೀಡಿನಲ್ಲಿ ಯಾವ ಬನಶಂಕರಿಯ ಜನಸಂದಣಿ? ಬುದ್ಧ ಉಪದೇಶ ಮಾಡಿದ ಸಾರನಾಥದ ಮ್ಯೂಸಿಯಂ ಕೂಡ ಶುಕ್ರವಾರ ಮುಚ್ಚುತ್ತದೆ. ಅಲ್ಲಿ ಯಾರ ನಮಾಜು? ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂಗಳು, ಇವುಗಳ ವಾರದ ರಜೆ ಶುಕ್ರವಾರ. ಅಷ್ಟೇ. ಇದರಲ್ಲಿ ದೇವರನ್ನೂ ಧರ್ಮವನ್ನೂ ಎಳೆಯುವ ಅಗತ್ಯವಿಲ್ಲ.

"ಗುಹೆ ತೆರೆದಿದೆ, ಹಾಗಾದರೆ ಮ್ಯೂಸಿಯಮ್ಮೂ ತೆರೆದಿರಬೇಕು" ಎಂಬ ಲೆಕ್ಕವೂ ತಪ್ಪು. ಇಲಾಖೆ ಒಂದೇ ಆದರೂ ಗುಹೆಗಳಿಗೆ ಶುಕ್ರವಾರದ ರಜೆ ಇಲ್ಲ, ಟಿಕೆಟ್ ಕೂಡ ಬೇರೆ ಬೇರೆ. ಆದ್ದರಿಂದ ಶುಕ್ರವಾರ ದೇವಿಯ ದರ್ಶನ, ಗುಹೆಗಳು. ಬಾದಾಮಿಯಲ್ಲೇ ತಂಗಿ ಶನಿವಾರ ಬೆಳಿಗ್ಗೆ ಮ್ಯೂಸಿಯಂ. ನಾಗನಾಥಕೊಳ್ಳದಿಂದ ತಂದ, ಫಲವಂತಿಕೆಯ ದೇವತೆ ಲಜ್ಜಾಗೌರಿಯ ಶಿಲ್ಪ ಅಲ್ಲಿದೆ. ಅದನ್ನು ನೋಡದೆ ಹೋದರೆ ಬಾದಾಮಿ ಅರ್ಧವೇ ಆಯಿತು ಎನ್ನುವವನು ನಾನು. ಶಿಡ್ಲಫಡಿಯ ಆದಿಮಾನವರ ಕಲ್ಲಾಸರೆಯ ಪ್ರತಿಕೃತಿಯೂ ಇದೆ, ಮಕ್ಕಳಿಗೆ ಅದು ಹಿಡಿಸುತ್ತದೆ.

ಇಷ್ಟು ದೂರ ನಡೆದವರು ಕಪ್ಪೆ ಅರಭಟ್ಟನ ಶಾಸನವನ್ನು ಯಾಕೆ ಕೇಳುವುದಿಲ್ಲವೋ ನನಗೆ ತಿಳಿಯದು. ಸುಮಾರು ಕ್ರಿ.ಶ. 700ರ ಬರಹ, ಕನ್ನಡದಲ್ಲಿ ಸಿಕ್ಕಿರುವ ತ್ರಿಪದಿಗಳಲ್ಲೇ ಅತ್ಯಂತ ಹಳೆಯದು ಅದರಲ್ಲಿದೆ. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದವರೇ ಕೆರೆಯ ಮುಂದೆ ಸೆಲ್ಫಿ ತೆಗೆದುಕೊಂಡು ಹಿಂದಿರುಗುತ್ತಾರೆ. ಶಾಸನ ಕೆರೆಯ ಈಶಾನ್ಯದ ಬಂಡೆಯಲ್ಲಿದೆ. ಮ್ಯೂಸಿಯಮ್ಮಿನಲ್ಲೇ ದಾರಿ ಕೇಳಿಕೊಂಡು ಹೋಗಿ.