ಶಾರ್ಟ್ ಆದರೂ ಉಳಿಯುತ್ತದೆ, ಹೊರೆ ಹೆಚ್ಚಾದರೆ ಸುಡುತ್ತದೆ

ಪವರ್ ಸಪ್ಲೈಯ ಔಟ್‌ಪುಟ್ ತಂತಿಗಳು ಒಂದಕ್ಕೊಂದು ತಾಗಿದರೆ ಟ್ರಾನ್ಸಿಸ್ಟರ್ ಹೋಯಿತೆಂದೇ ಬಹಳ ಮಂದಿಯ ಲೆಕ್ಕ. ಟ್ರಾನ್ಸಿಸ್ಟರ್ ತಾನೇ ಆನ್-ಆಫ್ ಆಗುತ್ತ ಆಂದೋಲಿಸುವ ಆಸಿಲೇಟರ್ ಮಾದರಿಯ ಸಪ್ಲೈಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವುಗಳ ನಿಜವಾದ ಶತ್ರು ಅರೆಬರೆ ಓವರ್‌ಲೋಡ್.

ವಾಲ್ವ್ ಕಾಲದ ಕಾರ್ ರೇಡಿಯೊಗಳಲ್ಲಿ ಬ್ಯಾಟರಿಯ ಡಿಸಿಯನ್ನು ಕಡಿದು ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತಿದ್ದದ್ದು ವೈಬ್ರೇಟರ್. ಅದರ ಕಾಂಟ್ಯಾಕ್ಟ್‌ಗಳು ಸವೆಯುತ್ತಿದ್ದವು. 1950ರ ದಶಕದ ಮಧ್ಯದಲ್ಲಿ ಎಂಜಿನಿಯರ್ ಜಾರ್ಜ್ ರಾಯರ್ ಆ ಕೆಲಸವನ್ನು ಎರಡು ಟ್ರಾನ್ಸಿಸ್ಟರ್‌ಗಳಿಗೆ ವಹಿಸಿದರು. ಪೇಟೆಂಟ್ ಸಿಕ್ಕಿದ್ದು 1957ರಲ್ಲಿ. ಟ್ರಾನ್ಸ್‌ಫಾರ್ಮರ್‌ನದೇ ಒಂದು ಸುರುಳಿ ಬೇಸ್‌ಗಳಿಗೆ, ಅಂದರೆ ಟ್ರಾನ್ಸಿಸ್ಟರ್‌ಗಳನ್ನು ನಿಯಂತ್ರಿಸುವ ತುದಿಗಳಿಗೆ, ಕರೆಂಟ್ ಒದಗಿಸುತ್ತದೆ. ಔಟ್‌ಪುಟ್ ಶಾರ್ಟ್ ಆದರೆ ಸುರುಳಿಗಳ ವೋಲ್ಟೇಜೆಲ್ಲ ಕುಸಿಯುತ್ತದೆ, ಬೇಸ್ ಬರಿದಾಗುತ್ತದೆ, ಆಂದೋಲನ ನಿಲ್ಲುತ್ತದೆ. ಯಾರೂ ಪ್ರತ್ಯೇಕವಾಗಿ ಜೋಡಿಸದ ಈ ರಕ್ಷಣೆ ನನಗೆ ಇಂದಿಗೂ ಸೊಗಸೆನಿಸುತ್ತದೆ. ಆಂದೋಲನಕ್ಕೆ ಮೊದಲ ಚಾಲನೆ ಕೊಡುವ ಸ್ಟಾರ್ಟಿಂಗ್ ರೆಸಿಸ್ಟರ್‌ನ ರೋಧ ತೀರಾ ಕಡಿಮೆಯಾಗಿದ್ದರೆ ಮಾತ್ರ ನಿಂತ ಟ್ರಾನ್ಸಿಸ್ಟರ್‌ನಲ್ಲೂ ಕರೆಂಟ್ ಹರಿಯುತ್ತಲೇ ಇರುತ್ತದೆ.

ಹೊರೆ ಮಿತಿಗಿಂತ ಸ್ವಲ್ಪವೇ ಹೆಚ್ಚಾದಾಗ ಕಥೆ ಬೇರೆ. ಆಂದೋಲನ ನಿಲ್ಲುವುದಿಲ್ಲ, ಆದರೆ ಟ್ರಾನ್ಸಿಸ್ಟರನ್ನು ಸ್ಯಾಚುರೇಶನ್‌ನಲ್ಲಿ, ಅಂದರೆ ಪೂರ್ತಿ ಆನ್ ಸ್ಥಿತಿಯಲ್ಲಿ, ಹಿಡಿದಿಡುವಷ್ಟು ಬೇಸ್ ಕರೆಂಟ್ ಇರುವುದಿಲ್ಲ. 2 ಆಂಪಿಯರ್ ಹರಿಯುವಾಗ ಟ್ರಾನ್ಸಿಸ್ಟರ್‌ನ ಮುಖ್ಯ ಕರೆಂಟ್ ಹರಿಯುವ ತುದಿಗಳಾದ ಕಲೆಕ್ಟರ್–ಎಮಿಟರ್ ನಡುವೆ 0.3 ವೋಲ್ಟ್ ಇದ್ದರೆ ಶಾಖ ಕೇವಲ 0.6 ವ್ಯಾಟ್. ಕರೆಂಟ್ 3 ಆಂಪಿಯರ್‌ಗೆ, ವೋಲ್ಟೇಜ್ 4ಕ್ಕೆ ಏರಿತೆನ್ನಿ: 12 ವ್ಯಾಟ್! ಬಿಸಿಯಾದಷ್ಟೂ ಸೋರಿಕೆ ಕರೆಂಟ್ ಹೆಚ್ಚುವ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗೆ ಇದು ಮಾರಕ. ಫ್ಯೂಸ್ ನೆರವಿಗೆ ಬರುವುದಿಲ್ಲ. ತಂತಿ ಕರಗುವುದರೊಳಗೆ ಟ್ರಾನ್ಸಿಸ್ಟರ್‌ನ ಒಳಗಿನ ಜಂಕ್ಷನ್ ಹೋಗಿರುತ್ತದೆ. 1958ರಲ್ಲಿ ಸಂಶೋಧಕರಾದ ಥಾರ್ನ್‌ಟನ್ ಮತ್ತು ಸಿಮನ್ಸ್ ಸೆಕೆಂಡ್ ಬ್ರೇಕ್‌ಡೌನನ್ನು ವರದಿ ಮಾಡಿದರು. ಒಟ್ಟು ಶಾಖ ಮಿತಿಯೊಳಗಿದ್ದರೂ ಕರೆಂಟ್ ಒಂದೇ ಬಿಂದುವಿಗೆ ಒಟ್ಟಾಗಿ ಟ್ರಾನ್ಸಿಸ್ಟರನ್ನು ಸುಡಬಲ್ಲ ವಿದ್ಯಮಾನ ಇದು.

ಆಮೇಲೆ ಬಳಕೆಗೆ ಬಂದ ಪರಿಹಾರ ಸರಳ. ಎಮಿಟರ್‌ನಲ್ಲಿ 0.22 ಓಮ್‌ನ ರೆಸಿಸ್ಟರ್ ಇಟ್ಟರೆ 3 ಆಂಪಿಯರ್ ಹತ್ತಿರ ಅದರ ಮೇಲೆ 0.65 ವೋಲ್ಟ್ ಬೀಳುತ್ತದೆ. ಪಕ್ಕದ ಪುಟ್ಟ ಸಿಲಿಕಾನ್ ಟ್ರಾನ್ಸಿಸ್ಟರ್ ಎಚ್ಚೆತ್ತು ಮುಖ್ಯ ಟ್ರಾನ್ಸಿಸ್ಟರ್‌ನ ಬೇಸ್ ಕರೆಂಟನ್ನು ಸೆಳೆದುಕೊಳ್ಳುತ್ತದೆ. ಅದು ಎಚ್ಚೆತ್ತುಕೊಳ್ಳುವ ವೋಲ್ಟೇಜ್ ಒಂದು ಡಿಗ್ರಿ ಬಿಸಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. 50 ಡಿಗ್ರಿ ಏರಿದರೆ ಮಿತಿ 2.5 ಆಂಪಿಯರ್‌ಗೆ ಬರುತ್ತದೆ. ಸುರಕ್ಷತೆಗೆ ಇದು ಒಳ್ಳೆಯದೇ, ಆದರೆ ಬಿಸಿ ಪೆಟ್ಟಿಗೆಯೊಳಗೆ ಪೂರ್ಣ ಹೊರೆ ಹೊರಲಾಗದ ಸಪ್ಲೈಗಳಿಗೆ ಇದೂ ಒಂದು ಕಾರಣ.

ಸಪ್ಲೈಯ ಸ್ವಿಚ್ಚನ್ನು ನಿಯಂತ್ರಿಸುವ ಸ್ಥಿರ ಆವರ್ತನದ ಐಸಿಗಳು ಬಂದಾಗ ಹಳೆಯ ಒಂದು ವರ ಕೈತಪ್ಪಿತು. ಫ್ಲೈಬ್ಯಾಕ್ ಸಪ್ಲೈ ಪ್ರತಿ ಸುತ್ತಿನಲ್ಲೂ ಟ್ರಾನ್ಸ್‌ಫಾರ್ಮರ್‌ನ ಕೋರ್‌ನಲ್ಲಿ ಶಕ್ತಿ ತುಂಬಿ ಆಮೇಲೆ ಔಟ್‌ಪುಟ್‌ಗೆ ಕೊಡುತ್ತದೆ. ಸ್ವಯಂ ಆಂದೋಲಿಸುವ ಮಾದರಿ, ಕೋರ್ ಖಾಲಿಯಾಗುವವರೆಗೆ ಕಾದು ಮುಂದಿನ ಸುತ್ತು ಆರಂಭಿಸುತ್ತದೆ. ಗಡಿಯಾರದಂತೆ ನಡೆಯುವ ಐಸಿ ಕಾಯುವುದಿಲ್ಲ. ಶಾರ್ಟ್‌ನಲ್ಲಿ ಕೋರ್ ಖಾಲಿಯಾಗದೆ ಕರೆಂಟ್ ಸುತ್ತಿನಿಂದ ಸುತ್ತಿಗೆ ಏರಬಹುದು. ಹಾಗಾಗಿ ಇಂಥದೊಂದು ಐಸಿಯಾದ ಯುಸಿ3842 ಪ್ರತಿ ಸುತ್ತಿನಲ್ಲೂ ಕರೆಂಟ್ ಅಳೆದು, ಸೆನ್ಸ್ ಪಿನ್‌ನಲ್ಲಿ 1 ವೋಲ್ಟ್ ಕಂಡೊಡನೆ ಸ್ವಿಚ್ ಆರಿಸುತ್ತದೆ. ಅದು ಎಚ್ಚರಗೊಳ್ಳುವುದು 16 ವೋಲ್ಟ್‌ಗೆ, ಮಲಗುವುದು 10ಕ್ಕೆ. ಶಾರ್ಟ್ ಆದರೆ ಅದಕ್ಕೆ ಉಣಿಸುವ ಸಹಾಯಕ ಸುರುಳಿಯ ವೋಲ್ಟೇಜ್ ಕುಸಿದು ಐಸಿ ನಿಲ್ಲುತ್ತದೆ, ಮತ್ತೆ ಯತ್ನಿಸುತ್ತದೆ. ಬಿಕ್ಕಳಿಕೆಯಂತಿರುವ ಈ ನಡೆಯಲ್ಲಿರುವುದು ರಾಯರ್ ಸರ್ಕ್ಯೂಟ್‌ನ ಉಪವಾಸದ ತತ್ತ್ವವೇ.

ಟ್ರಾನ್ಸ್‌ಫಾರ್ಮರನ್ನು ಅಚ್ಚುಕಟ್ಟಾಗಿ ಸುತ್ತದಿದ್ದರೆ ಇದೂ ಕೈಕೊಡುತ್ತದೆ. ಸುರುಳಿಗಳು ಒಂದಕ್ಕೊಂದು ಪೂರ್ತಿ ಬೆಸೆಯದೆ ಉಳಿಯುವ ಸೋರಿಕೆ ಇಂಡಕ್ಟನ್ಸ್‌ನಿಂದ ಏಳುವ ವೋಲ್ಟೇಜ್ ಮೊನೆಗಳೇ ಐಸಿಗೆ ಊಟವಾಗಿ, ಶಾರ್ಟ್‌ನಲ್ಲೂ ಅದು ನಿಲ್ಲುವುದಿಲ್ಲ. ಸಹಾಯಕ ಸುರುಳಿಯ ಡಯೋಡ್ ಜೊತೆ ಸಣ್ಣದೊಂದು ರೆಸಿಸ್ಟರನ್ನು ಸರಣಿಯಲ್ಲಿ ಹಾಕುವುದು ಈ ಮೊನೆಗಳನ್ನು ತಗ್ಗಿಸಲೆಂದೇ.