ಹಣ್ಣು ತಾಯಿಯದು, ಬೀಜ ಇಬ್ಬರದು

ಟೊಮೆಟೊ ಬೆಳೆಯುವವರು ನನ್ನ ಹತ್ತಿರ ಜಾಸ್ತಿ ಕೇಳುವುದು ಇದನ್ನೇ: ‘ಸರ್, ಹೈಬ್ರಿಡ್ ಬೀಜಕ್ಕೆ ಇಷ್ಟೊಂದು ದುಡ್ಡು ಸುರಿಯೋದು ಯಾಕೆ? ಒಳ್ಳೇ ಹಣ್ಣು ನೋಡಿ ನಾವೇ ಬೀಜ ತೆಗೆದಿಟ್ಟರೆ ಆಗಲ್ವಾ?’ ತೆಗೆದಿಡಬಹುದು, ಮೊಳಕೆಯೂ ಒಡೆಯುತ್ತದೆ. ಆದರೆ ಬರುವ ಗಿಡಗಳು ಒಂದೊಂದು ಒಂದೊಂದು ಥರ.

ಕಾರಣ ಹೂವಿನಲ್ಲಿದೆ. ಪರಾಗದ ಕಣ ಹೂವಿನ ಹೆಣ್ಣು ಭಾಗದ ತುದಿಗೆ ಅಂಟಿಕೊಂಡ ಮೇಲೆ ಅದರಿಂದ ಸಣ್ಣ ನಾಳವೊಂದು ಕೆಳಗಿಳಿಯುತ್ತದೆ. ಅದರಲ್ಲಿ ಎರಡು ಗಂಡು ಕೋಶ. ಒಂದು ಅಂಡದ ಜೊತೆ ಸೇರಿ ಭ್ರೂಣವಾಗುತ್ತದೆ. ಇನ್ನೊಂದು ಬೇರೆ ಕೋಶದ ಜೊತೆ ಸೇರಿ ಆ ಭ್ರೂಣಕ್ಕೆ ಬುತ್ತಿ ಕಟ್ಟುತ್ತದೆ. ಈ ಎರಡು ಸಲದ ಕೂಡುವಿಕೆಯನ್ನು 1898ರಲ್ಲಿ ರಷ್ಯಾದ ಸೆರ್ಗೈ ನವಾಶಿನ್ ತೋರಿಸಿಕೊಟ್ಟರು. ಟೊಮೆಟೊ ಭ್ರೂಣಕ್ಕೆ 12 ಕ್ರೋಮೋಸೋಮ್ (ಗುಣಗಳನ್ನು ಹೊತ್ತ ಎಳೆಗಳು) ತಾಯಿಯಿಂದ, 12 ತಂದೆಯಿಂದ. ಹಣ್ಣಿನ ಸಿಪ್ಪೆ, ತಿರುಳು ಮಾತ್ರ ಪೂರ್ತಿ ತಾಯಿಗಿಡದ್ದು. ಹಾಗಾಗಿ ಹಣ್ಣು ನೋಡಿ ಒಳಗಿನ ಬೀಜ ಎಂಥದ್ದು ಅಂತ ಹೇಳುವುದಕ್ಕಾಗುವುದಿಲ್ಲ.

ಮೆಕ್ಕೆಜೋಳದ್ದು ಬೇರೆ ಲೆಕ್ಕ. ಅಲ್ಲಿ ನಾವು ತಿನ್ನುವುದೇ ಆ ಬುತ್ತಿಯನ್ನು. ಬಿಳಿ ಮೆಕ್ಕೆಜೋಳದ ತೆನೆಗೆ ಪಕ್ಕದ ಹೊಲದ ಹಳದಿ ಮೆಕ್ಕೆಜೋಳದ ಪರಾಗ ಬಿದ್ದರೆ ಅದೇ ತೆನೆಯಲ್ಲಿ ಹಳದಿ ಕಾಳು ಕಾಣುತ್ತವೆ.

ಟೊಮೆಟೊ ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹೈಬ್ರಿಡ್ ಅಂದರೆ ಎರಡು ತಳಿ ಕೂಡಿಸಿದ ಬೀಜ. ಹಾಗಾಗಿ ರಾಣೆಬೆನ್ನೂರು ಕಡೆ ಬೀಜದ ಪ್ಲಾಟುಗಳಲ್ಲಿ ಇದನ್ನು ತಪ್ಪಿಸಲು ಮೊಗ್ಗು ಅರಳುವ ಮುಂಚೆಯೇ ಚಿಮುಟದಿಂದ ಕೇಸರ ಕಿತ್ತುಹಾಕುತ್ತಾರೆ. ಮಾರನೇ ದಿನ ಗಂಡು ತಳಿಯ ಪರಾಗ ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಇದೇ ಕೆಲಸ, ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಬೀಜದ ರೇಟು ಏರುವುದಕ್ಕೆ ಈ ಕೂಲಿಯೂ ಒಂದು ಕಾರಣ.

ಹೀಗೆ ಸಿಕ್ಕ ಬೀಜದ ಗಿಡಗಳೆಲ್ಲ ಒಂದೇ ಥರ ಇರುತ್ತವೆ. ಅವುಗಳ ಹಣ್ಣಿನಿಂದ ಮತ್ತೆ ಬೀಜ ತೆಗೆದಿರೋ, ಅಜ್ಜ ಅಜ್ಜಿಯ ಗುಣಗಳೆಲ್ಲ ಕಲಸಿಹೋಗುತ್ತವೆ. ಕೂಡಿಸಿದ ಎರಡು ತಳಿಗಳ ನಡುವೆ ಬರೀ 10 ಜೀನ್‌ಗಳಲ್ಲಿ (ಗುಣ ತೀರ್ಮಾನಿಸುವ ತುಣುಕುಗಳಲ್ಲಿ) ವ್ಯತ್ಯಾಸ ಇದೆ, ಅವು ಒಂದಕ್ಕೊಂದು ಅಂಟಿಕೊಂಡು ಒಟ್ಟಿಗೇ ಬರುವಂಥವಲ್ಲ ಅಂದುಕೊಳ್ಳಿ. ಆ ಹತ್ತೂ ಹೈಬ್ರಿಡ್‌ನಲ್ಲಿದ್ದ ಹಾಗೇ ಕೂಡಿಬರುವುದು ಸರಾಸರಿ 1,024 ಗಿಡಕ್ಕೆ ಒಂದು. ಒಂದೇ ಜೀನ್‌ನ ಗುಣವಾದರೆ ಮೆಂಡೆಲ್ ಬಟಾಣಿಯಲ್ಲಿ ಕಂಡ 3:1 ಲೆಕ್ಕ (ಮೂರು ಗಿಡ ಒಂದು ಥರ, ಒಂದು ಇನ್ನೊಂದು ಥರ) ಸಾಕು. ಇಳುವರಿ ಅಷ್ಟು ಸುಲಭಕ್ಕೆ ಬಗ್ಗುವ ಗುಣವಲ್ಲ.

ತಮ್ಮ ಪರಾಗದಿಂದಲೇ ಬೀಜ ಕಟ್ಟುವ ರಾಗಿ, ಜವಾರಿ (ನಾಟಿ) ಟೊಮೆಟೊ ಬೆಳೆಯುವವರು ಮಾತ್ರ ಧಾರಾಳವಾಗಿ ಬೀಜ ಇಟ್ಟುಕೊಳ್ಳಿ. ಹಣ್ಣಿಗಿಂತ ಗಿಡ ಮುಖ್ಯ. ರೋಗ ತಗಲದ, ಎಲ್ಲ ಗೊಂಚಲಲ್ಲೂ ಚೆನ್ನಾಗಿ ಕಾಯಿ ಹಿಡಿದ ಗಿಡಕ್ಕೆ ಮೊದಲೇ ದಾರ ಕಟ್ಟಿಡಿ. ಸಿಹಿಗುಂಬಳದ ಬೀಜ ಇಡುವವರು ಮಾತ್ರ ಹುಷಾರು, ಅದಕ್ಕೆ ಜೇನು ಎಲ್ಲಿಂದಲೋ ಪರಾಗ ತರುತ್ತದೆ. (ಸೋರೆಯಿಂದ ಅದು ಕೆಡುತ್ತದೆ ಅನ್ನುವುದು ಸುಮ್ನೆ ಭಯ, ಅವೆರಡೂ ಕೂಡುವುದಿಲ್ಲ.) ನಾಳೆ ಅರಳುವ ಗಂಡು ಮೊಗ್ಗು, ಹೆಣ್ಣು ಮೊಗ್ಗು ಎರಡನ್ನೂ ಸಂಜೆಯೇ ದಾರದಿಂದ ಕಟ್ಟಿ. ಬೆಳಗ್ಗೆ ಬಿಚ್ಚಿ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ತಿರುಗಿ ಕಟ್ಟಿಬಿಡಿ.