ಆರು ಜನರೇಶನ್, ಒಂದೇ 14 ನ್ಯಾನೊಮೀಟರ್: ತಡವಾದ ಚಿಪ್ಪುಗಳು ನಮ್ಮ ಬೋರ್ಡುಗಳಿಗೆ ಬಿಟ್ಟುಹೋದ ಗೊಂದಲ

ಗಂಗಾವತಿಯ ಅಕ್ಕಿ ಗಿರಣಿಯ ವೇಬ್ರಿಡ್ಜ್ ಕೋಣೆ, ಬಳ್ಳಾರಿಯ ಜೀನ್ಸ್ ಘಟಕದ ಬಿಲ್ಲಿಂಗ್ ಮೇಜು, ರಾಯಚೂರಿನ ಫೋಟೊ ಸ್ಟುಡಿಯೊ. ಇಂಥ ಕಡೆ ಅಸೆಂಬಲ್ ಮಾಡಿದ ಇಂಟೆಲ್ ಡೆಸ್ಕ್‌ಟಾಪ್ ತೆರೆದು ನೋಡಿದರೆ ಒಳಗೆ 6ನೇ ಜನರೇಶನ್ ಇರಬಹುದು, 11ನೆಯದೂ ಇರಬಹುದು. 2015ರ ಐ5-6500 ಮತ್ತು 2021ರ ಐ5-11400, ಎರಡನ್ನೂ ತಯಾರಿಸಿದ್ದು 14 ನ್ಯಾನೊಮೀಟರ್ ವಿಧಾನದಲ್ಲೇ (ಸಾಮಾನ್ಯವಾಗಿ ಈ ಸಂಖ್ಯೆ ಚಿಕ್ಕದಾದಷ್ಟೂ ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್ ಎಂಬ ಪುಟ್ಟ ಸ್ವಿಚ್ಚುಗಳು ಚಿಕ್ಕವು). ನಡುವೆ ಆರು ವರ್ಷ, ಮೂರು ಬಗೆಯ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಂದಾಣಿಕೆ, ಲೆಕ್ಕವಿಲ್ಲದಷ್ಟು ಬೋರ್ಡುಗಳು. ಸೆಕೆಂಡ್ ಹ್ಯಾಂಡ್ ಬೋರ್ಡಿಗೆ ಪ್ರೊಸೆಸರ್ ಕೂರಿಸಿ, ಫ್ಯಾನ್ ತಿರುಗಿದರೂ ಡಿಸ್‌ಪ್ಲೇ ಬರದೆ ತಲೆ ಕೆಡಿಸಿಕೊಳ್ಳುವ ತಾಪತ್ರಯದ ಬೇರು ಇರುವುದು ಈ ಆರು ವರ್ಷಗಳಲ್ಲಿ.

ಪ್ರೊಸೆಸರ್ ಕಂಪನಿಗಳಾದ ಇಂಟೆಲ್ ಮತ್ತು ಎಎಂಡಿ ಪೈಪೋಟಿಯಲ್ಲಿ ಅವಸರ ಮತ್ತು ವಿಳಂಬ ಎರಡೂ ಹಳೆಯ ಕಾಯಿಲೆಗಳೇ. 2000ದ ಮಾರ್ಚ್ 6ರಂದು ಎಎಂಡಿ 1 ಗಿಗಾಹರ್ಟ್ಸ್ ಅಥ್ಲಾನ್ ಬಿಟ್ಟಿತು, ಎರಡೇ ದಿನಕ್ಕೆ ಇಂಟೆಲ್ ತನ್ನ ಪೆಂಟಿಯಂ 3 ತಂದಿತು. ಅದೇ ಭರದಲ್ಲಿ ಬಿಟ್ಟ 1.13 ಗಿಗಾಹರ್ಟ್ಸ್ ಪೆಂಟಿಯಂ 3 ಅನ್ನು ಆಗಸ್ಟಿನಲ್ಲಿ ವಾಪಸ್ ಪಡೆಯಬೇಕಾಯಿತು. 2004ರಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆಯನ್ನೇ ಇಂಟೆಲ್ ಕೈಬಿಟ್ಟಿತು. ಎಎಂಡಿಯೂ ಕಮ್ಮಿಯಿಲ್ಲ. 2007ರ ಫಿನಾಮ್ ದೋಷ ಹೊತ್ತೇ ಬಂತು. ತಡವಾಗಿ 2011ರ ಅಕ್ಟೋಬರಿನಲ್ಲಿ ಬಂದ ಬುಲ್ಡೋಜರ್ ಚಿಪ್ ಎಎಂಡಿಯನ್ನೇ ಮುಳುಗಿಸುವ ಹಂತಕ್ಕೆ ಒಯ್ದಿತು. 2017ರಲ್ಲಿ ಎಎಂಡಿಯ ರೈಜನ್ ಬರುವವರೆಗೆ ಇಂಟೆಲ್‌ಗೆ ಎದುರಾಳಿಯೇ ಇರಲಿಲ್ಲ ಎಂದರೆ ತಪ್ಪಾಗದು. ಡೆಸ್ಕ್‌ಟಾಪ್ ಐ5 ಎಂದರೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ) ಎಂಬುದು ವರ್ಷಗಟ್ಟಲೆ ಬದಲಾಗದೇ ಉಳಿದದ್ದು ಅದಕ್ಕೇ.

2007ರಿಂದ ಇಂಟೆಲ್ ಒಂದು ತಾಳಕ್ಕೆ ಕಟ್ಟುಬಿದ್ದಿತ್ತು: ಒಂದು ಸಲ ಟ್ರಾನ್ಸಿಸ್ಟರ್ ಚಿಕ್ಕದು ಮಾಡುವುದು, ಮುಂದಿನ ಸಲ ವಿನ್ಯಾಸ ಬದಲಿಸುವುದು. ಆ ತಾಳ ಮೊದಲು ತಪ್ಪಿದ್ದು 14 ನ್ಯಾನೊಮೀಟರಿನಲ್ಲೇ. ಬ್ರಾಡ್‌ವೆಲ್ ಎಂಬ ಚಿಪ್ ತಡವಾಗಿ 2014ರ ಕೊನೆಗೆ ಬಂತು. 2015ರ ಜುಲೈನಲ್ಲಿ ಆಗಿನ ಮುಖ್ಯಸ್ಥ ಬ್ರಯಾನ್ ಕ್ರಝಾನಿಚ್ 10 ನ್ಯಾನೊಮೀಟರಿನ ಮೊದಲ ಚಿಪ್ ಕ್ಯಾನನ್ ಲೇಕ್ 2017ರ ಉತ್ತರಾರ್ಧಕ್ಕೆ ಹೋಯಿತೆಂದರು. 2018ರ ಏಪ್ರಿಲ್‌ನಲ್ಲಿ ಅದು 2019ಕ್ಕೆ ಜಾರಿತು. ಮಾತು ಉಳಿಸಿಕೊಳ್ಳಲೆಂಬಂತೆ 2018ರಲ್ಲಿ ಐ3-8121ಯು ಎಂಬ ಒಂದು ಲ್ಯಾಪ್‌ಟಾಪ್ ಚಿಪ್ ಹೊರಬಂತು. ಅದರೊಳಗಿನ ಗ್ರಾಫಿಕ್ಸ್ ಭಾಗವನ್ನು ಕಾರ್ಖಾನೆಯಲ್ಲೇ ಬಂದ್ ಮಾಡಿದ್ದರು. ಅಷ್ಟರಲ್ಲೇ ಒಳಗಿನ ಸ್ಥಿತಿ ಗೊತ್ತಾಗುವಂತಿತ್ತು.

ಆಗಿದ್ದೇನು? ಚಿಪ್ಪಿನ ಮೇಲಿನ ಗೆರೆಗಳನ್ನು ಬೆಳಕಿನಿಂದ ಅಚ್ಚು ಹಾಕುತ್ತಾರೆ. ಆಗ ಬಳಸುತ್ತಿದ್ದ ಬೆಳಕಿನ ಅಲೆಯ ಉದ್ದವೇ 193 ನ್ಯಾನೊಮೀಟರ್. ಒಂದೇ ಸಲ ಬೆಳಕು ಬಿಟ್ಟರೆ ಗೆರೆಯಿಂದ ಗೆರೆಗೆ ಸುಮಾರು 80 ನ್ಯಾನೊಮೀಟರಿಗಿಂತ ಹತ್ತಿರ ಹೋಗುವುದು ಕಷ್ಟ. ಇಂಟೆಲ್‌ಗೆ ಬೇಕಿದ್ದದ್ದು 36. ಆದ್ದರಿಂದ ಒಂದು ಗೆರೆಯ ಅಂಚಿಗೆ ಪದರ ಕೂರಿಸಿ ಎರಡಾಗಿ, ಎರಡನ್ನು ಮತ್ತೆ ನಾಲ್ಕಾಗಿ ಸೀಳುವ ವಿಧಾನ ಹಿಡಿದರು. ಪ್ರತಿ ಸೀಳಿಗೂ ಪದರ ಹಾಕು, ಕೆತ್ತು, ತೊಳೆ, ಮತ್ತೆ ಜೋಡಿಸು. ನಾಲ್ಕು ಬಣ್ಣದ ಲಗ್ನಪತ್ರಿಕೆ ಅಚ್ಚು ಹಾಕುವವರಿಗೆ ಇದನ್ನು ವಿವರಿಸಬೇಕಿಲ್ಲ, ರಿಜಿಸ್ಟ್ರೇಶನ್ ಕೂದಲೆಳೆ ಸರಿದರೂ ಹಾಳೆ ರದ್ದಿಗೆ. ಅದರ ಮೇಲೆ ಇನ್ನೂ ಎರಡು ಹೊಸತನಗಳನ್ನು ಒಟ್ಟಿಗೇ ಹೇರಿದರು: ಕೆಳಗಿನ ಪದರಗಳ ತಂತಿಗೆ ತಾಮ್ರದ ಬದಲು ಕೋಬಾಲ್ಟ್, ಮತ್ತು ಟ್ರಾನ್ಸಿಸ್ಟರಿನ ನೆತ್ತಿಯ ಮೇಲೆಯೇ ಸಂಪರ್ಕ. ಒಂದೇ ಹೆಜ್ಜೆಗೆ 2.7 ಪಟ್ಟು ಸಾಂದ್ರತೆ ಎಂಬುದು ಗುರಿ. ಒಂದೊಂದಾಗಿ ತಂದಿದ್ದರೆ ಯಾವುದು ಕೈಕೊಟ್ಟಿತೆಂದಾದರೂ ಬೇಗ ತಿಳಿಯುತ್ತಿತ್ತು.

ಎಎಂಡಿಯಂಥ ಕಂಪನಿಗಳಿಗೆ ಚಿಪ್ ಮಾಡಿಕೊಡುವ ತೈವಾನಿನ ಟಿಎಸ್‌ಎಂಸಿ ಅಷ್ಟು ದುರಾಸೆಗೆ ಹೋಗಲಿಲ್ಲ. ಅದರ 7 ನ್ಯಾನೊಮೀಟರಿನಲ್ಲಿ ಗೆರೆಗಳ ನಡುವೆ 40 ನ್ಯಾನೊಮೀಟರ್ ಇತ್ತು. ಬರೀ ನಾಲ್ಕರ ವ್ಯತ್ಯಾಸ, ಆದರೆ ಎರಡಾಗಿ ಸೀಳಿದರೆ ಅಲ್ಲಿಗೆ ಸಾಕಾಗುತ್ತಿತ್ತು. 2018ರಲ್ಲೇ ಉತ್ಪಾದನೆ ಶುರುವಾಯಿತು. 7 ಎಂಬ ಹೆಸರು ನೋಡಿ ಇಂಟೆಲ್‌ನ 10ಕ್ಕಿಂತ ಇದು ಬಹಳ ಮುಂದೆ ಎಂದುಕೊಳ್ಳಬೇಡಿ. ಸಾಂದ್ರತೆಯಲ್ಲಿ ಎರಡೂ ಹತ್ತಿರಹತ್ತಿರವೇ, ಒಂದು ಕೆಲಸ ಮಾಡಿತು ಅಷ್ಟೆ. 2019ರ ಜುಲೈ 7ರಂದು ಬಂದ ರೈಜನ್ 3000ದಲ್ಲಿ ಎಎಂಡಿ ಇನ್ನೂ ಒಂದು ಜಾಣತನ ಮಾಡಿತು. ಕೋರ್‌ಗಳಿರುವ ಚಿಕ್ಕ ತುಂಡನ್ನು ಮಾತ್ರ 7ರಲ್ಲಿ ಮಾಡಿಸಿ, ಉಳಿದ ಸಂಪರ್ಕದ ಭಾಗವನ್ನು ಗ್ಲೋಬಲ್‌ಫೌಂಡ್ರೀಸ್‌ನ ಹಳೆಯ 12ರಲ್ಲಿ ಮಾಡಿಸಿ ಜೋಡಿಸಿತು. ತುಂಡು ಚಿಕ್ಕದಾದಷ್ಟೂ ಒಂದು ದೋಷಕ್ಕೆ ಹಾಳಾಗುವ ಸಿಲಿಕಾನ್ ಕಡಿಮೆ.

ಇತ್ತ ಇಂಟೆಲ್ 14 ನ್ಯಾನೊಮೀಟರಿನಲ್ಲೇ ಕೋರ್ ಹೆಚ್ಚಿಸುತ್ತಾ ಹೋಯಿತು. ಕೋರ್ ಹೆಚ್ಚಾದರೆ ಚಿಪ್ ದೊಡ್ಡದು, ಒಂದು ವೇಫರಿಗೆ (ಚಿಪ್ಪುಗಳನ್ನು ಕತ್ತರಿಸುವ ಸಿಲಿಕಾನ್ ಬಿಲ್ಲೆ) ಸಿಗುವ ಚಿಪ್ ಕಡಿಮೆ. 10ಕ್ಕೆ ಹೋಗಬೇಕಿದ್ದ ಮಾಲೂ ಅದೇ ಸಾಲಿನಲ್ಲಿ ನಿಂತಿತ್ತು. 2018ರ ಸೆಪ್ಟೆಂಬರಿನಲ್ಲಿ ಕಂಪನಿ ಕೊರತೆಯನ್ನು ಒಪ್ಪಿಕೊಂಡು, ಸರ್ವರ್‌ಗಳ ಜ಼ಿಯಾನ್ ಮತ್ತು ಐ5, ಐ7ನಂಥ ‘ಕೋರ್’ ಹೆಸರಿನ ಮಾಲಿಗೆ ಆದ್ಯತೆ ಎಂದಿತು. ಪೆಟ್ಟು ಬಿದ್ದದ್ದು ಪೆಂಟಿಯಂ, ಸೆಲೆರಾನ್‌ಗಳಿಗೆ, ಅಂದರೆ ಜಿಲ್ಲಾ ಪಟ್ಟಣಗಳಲ್ಲಿ ಬಿಲ್ಲಿಂಗಿಗೆ, ಟ್ಯಾಲಿಗೆ ಹಾಕುವ ಅಗ್ಗದ ಚಿಪ್ಪುಗಳಿಗೆ. ಮಾಲು ಸಿಕಂದರಾಬಾದಿನ ಸಿಟಿಸಿ ಕಂಪ್ಯೂಟರ್ ಮಾರುಕಟ್ಟೆಯಿಂದ ಬರಲಿ, ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬರಲಿ, ಮೇಲಿಂದ ಬರದಿದ್ದರೆ ಕೆಳಗಿಲ್ಲ. ಆಮೇಲೆ ಗ್ರಾಫಿಕ್ಸ್ ಭಾಗ ಬಂದ್ ಮಾಡಿದ ಐ5-9400ಎಫ್‌ನಂಥ ‘ಎಫ್’ ಚಿಪ್ಪುಗಳೂ ಬಂದವು. ಅದನ್ನು ಹಾಕಿ ಬೋರ್ಡಿನ ಎಚ್‌ಡಿಎಂಐಗೆ ಕೇಬಲ್ ಚುಚ್ಚಿದರೆ ಏನೂ ಕಾಣದು, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು.

14ರ ಮೇಲಿನ ಒತ್ತಡ ತಗ್ಗಿಸಲು ಕೆಲವು ಚಿಪ್‌ಸೆಟ್‌ಗಳನ್ನು (ಬೋರ್ಡಿನ ಮೇಲಿನ ಸಂಪರ್ಕದ ಚಿಪ್; ಬೋರ್ಡನ್ನು ಕರೆಯುವುದೂ ಅದರ ಹೆಸರಿನಿಂದಲೇ) ಹಳೆಯ 22 ನ್ಯಾನೊಮೀಟರಿಗೆ ವಾಪಸ್ ಒಯ್ದರು. ಎಚ್310ರ ‘ಆರ್2.0’ ಬೋರ್ಡುಗಳು ಹುಟ್ಟಿದ್ದು ಹೀಗೆ. ಕೆಲವು ಬೋರ್ಡ್ ಕಂಪನಿಗಳು ಇವಕ್ಕೆ ವಿಂಡೋಸ್ 7 ಡ್ರೈವರ್ ಕೊಟ್ಟಿದ್ದರಿಂದ, ವೇಬ್ರಿಡ್ಜಿನ ಹಳೇ ಸಾಫ್ಟ್‌ವೇರಿಗೆ ಅಂಟಿಕೊಂಡವರಿಗೆ ಇವು ಇಂದಿಗೂ ಬೆಲೆಯುಳ್ಳವು. ಎಚ್410 ಮತ್ತು ಬಿ460 ಕೂಡ 22ರವೇ, ಅವುಗಳಿಗೆ 11ನೇ ಜನರೇಶನ್ ಹಾಕಲಾಗದು. ಸಾಕೆಟ್ ಒಂದೇ 1200, ಪ್ರೊಸೆಸರ್ ಸರಾಗವಾಗಿ ಕೂರುತ್ತದೆ, ಆದರೆ ಏಳುವುದಿಲ್ಲ. 11ನೇ ಜನರೇಶನ್ ಬೇಕಿದ್ದರೆ ಎಚ್510 ನೋಡಿ. ಅದಕ್ಕೂ ಹಿಂದಿನ 1151 ಸಾಕೆಟ್ಟಿನ ಮೋಸವೂ ಇಂಥದ್ದೇ: ಎಚ್110ಕ್ಕೆ 6 ಮತ್ತು 7ನೇ ಜನರೇಶನ್, ಎಚ್310ಕ್ಕೆ 8 ಮತ್ತು 9ನೆಯದು, ಅದಲುಬದಲು ಇಲ್ಲ.

14ನ್ನು ಹಿಂಡಿದ್ದಕ್ಕೆ ಇನ್ನೊಂದು ದಂಡ ಬಿಸಿ. ಐ5-10400ರ ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದಿದೆ, ಆದರೆ ಸ್ವಲ್ಪ ಹೊತ್ತಿಗೆ 134 ವ್ಯಾಟ್‌ವರೆಗೆ ಎಳೆಯಲು ಅದಕ್ಕೆ ಅನುಮತಿಯಿದೆ. ಐ5-11400ಕ್ಕೆ 154. ಕೋಣೆಯ ಬಿಸಿ 25ರಿಂದ 42 ಡಿಗ್ರಿಗೆ ಏರಿದರೆ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಎಸಿ ಇಲ್ಲದ ಅಂಗಡಿಗೆ ಪೆಟ್ಟಿಗೆಯಲ್ಲಿ ಬಂದ ಫ್ಯಾನ್ ಸಾಲದಿರುವುದು ಇದಕ್ಕೇ. 100 ಡಿಗ್ರಿ ಮುಟ್ಟಿದೊಡನೆ ಚಿಪ್ ತಾನೇ ವೇಗ ಇಳಿಸುತ್ತದೆ. ಬಯೋಸ್‌ನಲ್ಲಿ (ಬೋರ್ಡನ್ನು ಚಾಲೂ ಮಾಡುವ ಸಾಫ್ಟ್‌ವೇರ್) ಮಾಮೂಲಿನ ಮತ್ತು ಸ್ವಲ್ಪ ಹೊತ್ತಿನ ಎರಡೂ ವ್ಯಾಟ್ ಮಿತಿಗಳನ್ನು 65ಕ್ಕೆ ಕಟ್ಟಿದರೆ ಬಿಲ್ಲಿಂಗ್ ಕೆಲಸಕ್ಕೆ ಏನೂ ಕೊರತೆಯಾಗದು. ಆನ್ ಮಾಡಿದ ಕೆಲವೇ ನಿಮಿಷಕ್ಕೆ 100 ಮುಟ್ಟುತ್ತಿದ್ದರೆ ಫ್ಯಾನಿನ ನಾಲ್ಕು ಪುಶ್‌ಪಿನ್‌ಗಳಲ್ಲಿ ಒಂದು ಸರಿಯಾಗಿ ಕೂತಿಲ್ಲ ಅಂತಲೇ ಮೊದಲ ಅನುಮಾನ. ಬೋರ್ಡಿನ ಹಿಂದೆ ನೋಡಿ, ನಾಲ್ಕೂ ಪಿನ್ನುಗಳ ತುದಿ ಹೊರಗೆ ಬಂದು ಅಗಲಿಸಿರಬೇಕು. ಎದುರುಬದುರಿನ ಮೂಲೆಗಳನ್ನು ಜೋಡಿಯಾಗಿ ಒತ್ತಬೇಕು.

ಎಎಂಡಿ ಎಎಂ4 ಸಾಕೆಟ್ಟನ್ನು ವರ್ಷಗಟ್ಟಲೆ ಉಳಿಸಿಕೊಂಡಿತು. ಗಿರಾಕಿಗೆ ಅದು ಒಳ್ಳೆಯದೇ, ಆದರೆ ಅಂಗಡಿಯವರಿಗೆ ಬೇರೆ ಕೆಲಸ ತಂತು. ಹಳೇ ಬಯೋಸ್ ಇರುವ ಬಿ450 ಬೋರ್ಡಿಗೆ ರೈಜನ್ 3600 ಹಾಕಿದರೆ ಪರದೆ ಕಪ್ಪು. ಬೋರ್ಡಿನಲ್ಲಿ ಫ್ಲಾಶ್ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ ದಾರಿಯಿದೆ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಕಂಪನಿ ಹೇಳಿದ ಹೆಸರಿನಲ್ಲೇ ಬಯೋಸ್ ಫೈಲ್ ಹಾಕಿ, ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೇ ಚುಚ್ಚಿ, 24 ಪಿನ್ ಮತ್ತು 8 ಪಿನ್ ಪವರ್ ಕೊಟ್ಟು ಬಟನ್ ಒತ್ತಿ. ದೀಪ ಮಿನುಗುವುದು ನಿಲ್ಲುವವರೆಗೆ ಮುಟ್ಟಬೇಡಿ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವುದು ಬೇಡ, ನಡುವೆ ಕರೆಂಟು ಹೋದರೆ ಬೋರ್ಡು ಹೋದಂತೆ. ಎಎಂ4 ಫ್ಯಾನ್ ಬಿಚ್ಚುವಾಗಲೂ ಎಚ್ಚರ. ಬಿಸಿಲಿಗೆ ಒಣಗಿದ ಪೇಸ್ಟು ಹಿಡಿದುಕೊಂಡು, ಫ್ಯಾನ್ ಜತೆ ಪ್ರೊಸೆಸರೂ ಕಿತ್ತು ಬಂದು ಪಿನ್ ಬಾಗುತ್ತವೆ. ಮೊದಲು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಅತ್ತಿತ್ತ ತಿರುಗಿಸಿ ಸಡಿಲಿಸಿ, ಆಮೇಲೆ ಎತ್ತಿ.

ಇಂಟೆಲ್ ಡೆಸ್ಕ್‌ಟಾಪ್ 14ರಿಂದ ಬಿಡುಗಡೆಯಾದದ್ದು 2021ರ ನವೆಂಬರಿನಲ್ಲಿ, 12ನೇ ಜನರೇಶನ್ನಿನೊಂದಿಗೆ. ಅದು ಅದೇ ಹಳೇ 10 ನ್ಯಾನೊಮೀಟರಿನ ಸುಧಾರಿತ ರೂಪ. ಆ ಜುಲೈನಲ್ಲಷ್ಟೇ ಅದಕ್ಕೆ ‘ಇಂಟೆಲ್ 7’ ಎಂದು ಹೊಸ ಹೆಸರಿಟ್ಟಿದ್ದರು. 2024ರಲ್ಲಿ 20ಎ ಎಂಬ ಮುಂದಿನ ವಿಧಾನವನ್ನು ಕೈಬಿಟ್ಟು, ಆ್ಯರೋ ಲೇಕ್ ಎಂಬ ಹೊಸ ಚಿಪ್ಪುಗಳ ಕೋರ್‌ಗಳನ್ನು ಟಿಎಸ್‌ಎಂಸಿಯಲ್ಲೇ ಮಾಡಿಸಿತು. ಎದುರಾಳಿಯ ಮಾಲು ಬರುವುದೂ ಅಲ್ಲಿಂದಲೇ! ಅದೇ ವರ್ಷ ಎಎಂಡಿ ತನ್ನ ರೈಜನ್ 9000ವನ್ನು ಗುಣಮಟ್ಟ ಸಾಲದೆಂದು ಒಂದೆರಡು ವಾರ ಮುಂದೂಡಿತು. ಮಾರಿದ ಮೇಲೆ ತೊಳಲುವುದಕ್ಕಿಂತ ಅದು ಎಷ್ಟೋ ವಾಸಿ.

ತೊಳಲಿದ್ದು ಇಂಟೆಲ್‌ನ 13 ಮತ್ತು 14ನೇ ಜನರೇಶನ್. ತಪ್ಪು ಮೈಕ್ರೊಕೋಡ್ (ಬಯೋಸ್ ಜತೆ ಬರುವ, ಚಿಪ್ಪನ್ನು ನಡೆಸುವ ಒಳ ಸೂಚನೆಗಳು) ಹೆಚ್ಚು ವೋಲ್ಟೇಜ್ ಕೇಳಿ ಚಿಪ್ಪನ್ನೇ ಸವೆಸುತ್ತಿತ್ತು. ಆಟಗಳು ನಡುವೆ ನಿಲ್ಲುವುದು, ಜಿಪ್ ಬಿಚ್ಚುವಾಗ ದೋಷ, ಗ್ರಾಫಿಕ್ಸ್ ಡ್ರೈವರ್ ಇನ್‌ಸ್ಟಾಲ್ ಆಗದಿರುವುದು ಇದರ ಲಕ್ಷಣ. 2024ರ ಆಗಸ್ಟಿನ 0ಎಕ್ಸ್129, ಸೆಪ್ಟೆಂಬರಿನ 0ಎಕ್ಸ್12ಬಿ ತಿದ್ದುಪಡಿಗಳು ಮುಂದಿನ ಹಾನಿ ತಡೆಯುತ್ತವೆ, ಆದ ಹಾನಿ ಸರಿಹೋಗದು. ಸೆಕೆಂಡ್ ಹ್ಯಾಂಡ್ ಐ5-13600ಕೆ, ಐ7-13700 ಅಥವಾ ಐ9-13900, ಇಲ್ಲವೇ 14ನೇ ಜನರೇಶನ್ನಿನಲ್ಲಿ ಅವುಗಳ ಜೋಡಿ ಕೊಳ್ಳುವವರು ಮೊದಲು ಬಯೋಸ್ ತಾರೀಖು ನೋಡಿ, ಒಂದು ದೊಡ್ಡ ಜಿಪ್ ಫೈಲನ್ನು ಎದುರಿಗೇ ನಾಲ್ಕಾರು ಸಲ ಬಿಚ್ಚಿಸಿ ನೋಡಲಿ. ಪೆಟ್ಟಿಗೆ ಸಮೇತ ಕೊಂಡವಕ್ಕೆ ಇಂಟೆಲ್ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿ ಐದಕ್ಕೆ ಏರಿಸಿದೆ. ಆದ್ದರಿಂದ ಮಾರುವವರ ಹತ್ತಿರ ಪೆಟ್ಟಿಗೆ ಮತ್ತು ಬಿಲ್ ಎರಡನ್ನೂ ಕೇಳಿ ಪಡೆಯಿರಿ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವ ಟ್ರೇ ಪೀಸಾದರೆ ಮಾರಿದ ಅಂಗಡಿಯ ಮಾತೇ ವಾರಂಟಿ.